ಚಾಪೆಯ ಮೇಲಿನ ಮೌತ್ ಆರ್ಗನ್

"ಗುರುಗಳೇ, ಮೂರು ವರ್ಷದಿಂದ ದೇವರನ್ನು ಕರೆಯುತ್ತಿದ್ದೇನೆ. ಒಂದು ದಿನವೂ ಓಗೊಡಲಿಲ್ಲ. ಅವನಿಗೆ ಕಿವಿ ಇಲ್ಲವೋ, ನಾನು ಬೇಡವೋ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ಹಾರ್ಮೋನಿಯಂ ವಾದಕನಿದ್ದ. ವರ್ಷಕ್ಕೊಮ್ಮೆ ಊರಿನವರನ್ನು ಮಕ್ಕಳುಮರಿ ಸಮೇತ ಛತ್ರಕ್ಕೆ ಕರೆದು, ವಾದ್ಯಗಳಿಂದಲೇ ಕತೆ ಹೇಳುತ್ತಿದ್ದ. ಮೊದಲು ಶ್ರುತಿಪೆಟ್ಟಿಗೆ, ಹಾರ್ಮೋನಿಯಂ, ಮೌತ್ ಆರ್ಗನ್ ತೋರಿಸಿ, "ಇವು ಮೂರೂ ಒಂದೇ ಮನೆತನದವು. ಒಳಗೆ ತೆಳುವಾದ ಹಿತ್ತಾಳೆಯ ನಾಲಿಗೆ ಇದೆ, ಗಾಳಿ ಹಾಯ್ದರೆ ನುಡಿಯುತ್ತದೆ" ಎನ್ನುತ್ತಿದ್ದ. ಆಮೇಲೆ ಕತೆ. ತಾಯಿಯೊಬ್ಬಳು ಸಂತೆಯಲ್ಲಿ ಮಗಳನ್ನು ಕಳೆದುಕೊಳ್ಳುತ್ತಾಳೆ. ಕಾಲಿನಿಂದ ಒತ್ತುವ ಶ್ರುತಿಪೆಟ್ಟಿಗೆಯೇ ಸಂತೆಯ ಗದ್ದಲ. ಹಾರ್ಮೋನಿಯಂ ತಾಯಿಯ ಕೂಗು. ಮಗಳ ಉತ್ತರ ಮಾತ್ರ ವೇದಿಕೆಯಿಂದ ಬರುತ್ತಿರಲಿಲ್ಲ. ಅವನ ಹೆಂಡತಿ ಇನ್ನೊಂದು ಮೌತ್ ಆರ್ಗನ್ ಅನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ಜನರ ನಡುವೆ ಕೂತು ಊದುತ್ತಿದ್ದಳು. ಮಕ್ಕಳು ಕತ್ತು ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದವು.

ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಅವನ ಮಾತಿಗೆ ಹೂಂ ಎನ್ನುವ ಜೀವ ಒಂದೂ ಉಳಿಯಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ತಾನೇ ಅಂದು, ತಾನೇ ಕೇಳಿಸಿಕೊಂಡು ಉಣ್ಣುತ್ತಿದ್ದ. ಒಂಟಿತನ ಅವನನ್ನು ಹಣ್ಣು ಮಾಡಿತು.

ಆ ವರ್ಷ ಅವನು ಹೆಂಡತಿಯ ಮೌತ್ ಆರ್ಗನ್ ಅನ್ನು ಜನರ ನಡುವೆ ಚಾಪೆಯ ಮೇಲಿಟ್ಟ. "ತಾಯಿ ಕೂಗಿದಾಗ ನಿಮ್ಮಲ್ಲಿ ಯಾರಾದರೂ ಊದಿ" ಎಂದ. ಒಬ್ಬರಾದರೂ ಊದಿದರೆ ಸರಿ, ಇಲ್ಲದಿದ್ದರೆ ಇನ್ನು ವಾದ್ಯ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ.

ಕತೆ ಸಂತೆಗೆ ಬಂತು. ಅವನು ತಾಯಿಯ ಕೂಗು ನುಡಿಸಿದ. ಉತ್ತರವಿಲ್ಲ. ಊರ ಜನ ಗೊತ್ತಲ್ಲ, ನೀನು ಊದು ನೀನು ಊದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟು ಹೊತ್ತು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಮತ್ತೆ ಕೂಗು ನುಡಿಸಿದ, ಇನ್ನೂ ಜೋರಾಗಿ. ಕಣ್ಣು ಮುಚ್ಚಿಕೊಂಡು ತಿದಿ ಒತ್ತುತ್ತಲೇ ಹೋದ.

ಅಷ್ಟರಲ್ಲಿ ಮುದುಕಿಯೊಬ್ಬಳು ಮೌತ್ ಆರ್ಗನ್ ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಊದಿದಳು. ಸಣ್ಣ ದನಿ ಬಂತು. ಹಾರ್ಮೋನಿಯಂ ಅದನ್ನು ನುಂಗಿತು. ಇನ್ನೊಮ್ಮೆ ಊದಿದಳು. ಅದೂ ಮುಳುಗಿತು.

"ಜೋರಾಗಿ ಊದಜ್ಜಿ" ಎಂದಳು ಪಕ್ಕದಲ್ಲಿದ್ದ ಮೊಮ್ಮಗಳು.

"ಬ್ಯಾಡ ಕಣವ್ವ. ಅವರ ಪಾಡಿಗೆ ಅವರು ನುಡಿಸ್ತಾವ್ರೆ, ನಡುವೆ ನಂದ್ಯಾಕೆ" ಎಂದು ಮುದುಕಿ ನಾಚಿಕೊಂಡು ಅದನ್ನು ಇದ್ದಲ್ಲೇ ಇಟ್ಟುಬಿಟ್ಟಳು.

ಕತೆ ಮುಗಿದು ಜನ ಎದ್ದು ಹೋದರು. ವಾದಕ ಚಾಪೆ ಸುತ್ತಲು ಬಂದಾಗ ಮೌತ್ ಆರ್ಗನ್ ಬಾಯಿ ಒದ್ದೆಯಾಗಿತ್ತು. ಯಾವುದೋ ಕೂಸು ಚೀಪಿರಬೇಕು ಎಂದುಕೊಂಡು ಒರೆಸಿ, ಪೆಟ್ಟಿಗೆಗೆ ಹಾಕಿ, ಬೀಗ ಜಡಿದ. ಲೋಕದಲ್ಲಿ ತನಗೆ ಓ ಎನ್ನುವವರು ಯಾರೂ ಇಲ್ಲ ಎಂದು ಕೊನೆಯ ಉಸಿರಿನವರೆಗೂ ನಂಬಿಕೊಂಡೇ ಬದುಕಿದ.

"ಅಯ್ಯೋ ಪಾಪ! ಒಂದು ಗಳಿಗೆ ಹಾರ್ಮೋನಿಯಂನಿಂದ ಕೈ ತೆಗೆದಿದ್ದರೆ ಸಾಕಿತ್ತಲ್ಲ" ಎಂದು ಶಿಷ್ಯ ಮರುಗಿದ.

ಗುರು ಕೇಳಿದರು: "ಕರೆದ ಮೇಲೆ ನೀನು ಎಷ್ಟು ಹೊತ್ತು ಸುಮ್ಮನಿರುತ್ತೀಯ?"