ಒಂದೇ ಕಂಬದ ಮನೆಗಳು

ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ: “ಈಚೆಗೆ ನಾನು ಬೆಳಗಿನ ಹೊತ್ತನ್ನೆಲ್ಲ ಧ್ಯಾನಕ್ಕೆ ಕೊಟ್ಟಿದ್ದೇನೆ. ಬಾಗಿಲು ಹಾಕಿಕೊಂಡು ಕೂರುತ್ತೇನೆ. ಮಠದಲ್ಲಿ ಕೆಲವರಿಗೆ ಅದು ಹಿಡಿಸುತ್ತಿಲ್ಲ. ನನ್ನ ಕೋಣೆಯೊಳಗೆ ನಾನು ಮಾಡುವುದರಿಂದ ಯಾರಿಗೇನು ತೊಂದರೆ, ಗುರುಗಳೇ?”

ಗುರುಗಳು ಹೇಳಿದರು:

ಮೌನೇಶ ಎಂಬ ಬಡಗಿಯೊಬ್ಬ ಇದ್ದ. ಮುಚ್ಚಿಹೋದ ಕಾರ್ಖಾನೆಯೊಂದರಿಂದ ಮರ ಹೆರೆಯುವ ದೊಡ್ಡ ಯಂತ್ರವನ್ನು ತಂದು ಮನೆಯ ಮುಂದಿನ ಕೋಣೆಯಲ್ಲಿ ನಿಲ್ಲಿಸಿದ. ಶಾಲೆಯೊಂದರ ಬೆಂಚುಗಳನ್ನು ಮಾಡಿಕೊಡಲು ಒಪ್ಪಿಕೊಂಡಿದ್ದ. ಆದರೆ ಆ ಯಂತ್ರಕ್ಕೆ ಬೇಕಾದದ್ದು ಮೂರು ಫೇಸಿನ ಕರೆಂಟು. ಮನೆಗಿದ್ದದ್ದು ಒಂದೇ ಫೇಸು. ಸ್ವಿಚ್ಚು ಹಾಕಿದರೆ ಅದು ತಿರುಗದೆ, ಗುಂಯ್ ಎನ್ನುತ್ತ ನಿಂತಲ್ಲೇ ಬಿಸಿಯಾಗುತ್ತಿತ್ತು.

ಹೊಸ ಲೈನು ಬರುವವರೆಗೆ ಕಾಯುವ ತಾಳ್ಮೆ ಮೌನೇಶನಿಗಿರಲಿಲ್ಲ. ಬಲ್ಲವರನ್ನು ಕೇಳಿ ಒಂದು ದಾರಿ ಕಂಡುಕೊಂಡ. ಇನ್ನೊಂದು ದೊಡ್ಡ ಮೋಟಾರನ್ನು ತಂದು, ಕಂಡೆನ್ಸರ್ ಜೋಡಿಸಿ, ಒಂದೇ ಫೇಸಿನಲ್ಲಿ ಅದನ್ನು ಬರಿದೇ ತಿರುಗಲು ಬಿಟ್ಟ. ಅದು ತಿರುಗುವಷ್ಟು ಹೊತ್ತೂ ಯಂತ್ರಕ್ಕೆ ಬೇಕಾದ ಉಳಿದ ಕರೆಂಟನ್ನು ತಾನೇ ಹುಟ್ಟಿಸಿಕೊಡುತ್ತಿತ್ತು. ಯಂತ್ರ ಓಡಿತು. ಹಲಗೆಗಳು ನುಣುಪಾಗಿ ಹೊರಬಂದವು. ಆದರೆ ಆ ದೊಡ್ಡ ಮೋಟಾರು ಹೊರಡುವ ಗಳಿಗೆಯಲ್ಲಿ ಒಮ್ಮೆಲೇ ಬಹಳ ಕರೆಂಟು ಎಳೆಯುತ್ತಿತ್ತು. ಆಗ ಅದೇ ಕಂಬದಿಂದ ಕರೆಂಟು ಪಡೆಯುವ ಓಣಿಯ ಬಲ್ಬುಗಳೆಲ್ಲ ಕೆಂಪಗಾಗಿ, ಮತ್ತೆ ಬೆಳಗುತ್ತಿದ್ದವು.

ಪಕ್ಕದ ಮನೆಯಲ್ಲಿ ಮಕ್ತುಮಸಾಬ ಎಂಬ ಮುದುಕನಿದ್ದ. ಹತ್ತಿ ಗಿರಣಿಯ ಧೂಳಿನಲ್ಲಿ ದುಡಿದು ಅವನ ಶ್ವಾಸಕೋಶ ಕೆಟ್ಟಿತ್ತು. ಆಕ್ಸಿಜನ್ ಮಷಿನ್ನಿನ ನಳಿಗೆ ಮೂಗಿನಲ್ಲಿರದಿದ್ದರೆ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಅವನ ಹೆಂಡತಿ ಜೈತುನಬಿ ಒಂದು ಮಧ್ಯಾಹ್ನ ಮೌನೇಶನ ಬಾಗಿಲಿಗೆ ಬಂದಳು.

“ತಮ್ಮಾ, ನಿನ್ನ ಮಷಿನ್ ಚಾಲೂ ಆದಾಗ ನಮ್ಮದು ಬಂದ್ ಬೀಳತೈತಿ. ನಾನು ಓಡಿ ಹೋಗಿ ಮತ್ತ ಹಚ್ಚಬೇಕು.”

“ಅವ್ವಾರ, ನನ್ನ ಮೀಟರ್ ಬ್ಯಾರೆ, ನಿಮ್ಮ ಮೀಟರ್ ಬ್ಯಾರೆ,” ಎಂದ ಮೌನೇಶ. “ನನ್ನ ಮನ್ಯಾಗ ನಾ ಏನೋ ಮಾಡಿದರ ನಿಮಗ ಹೆಂಗ ತಟ್ಟತೈತಿ?”

ಅವಳು ವಾದಿಸಲಿಲ್ಲ. “ಒಂದ್ಸಲ ಬಂದು ನೋಡು,” ಎಂದಷ್ಟೇ ಹೇಳಿ ಹೋದಳು. ಮೌನೇಶ ಹೋಗಲಿಲ್ಲ. ಬೆಂಚುಗಳ ಕೆಲಸ ಇನ್ನೂ ಬಹಳವಿತ್ತು.

ಮುಂದೊಂದು ಸಂಜೆ ಓಣಿಯಲ್ಲಿ ಕರೆಂಟು ಸೊರಗಿತ್ತು. ಮೌನೇಶ ಸ್ವಿಚ್ಚು ಹಾಕಿದ. ಮೋಟಾರು ಗುಂಯ್‌ಗುಟ್ಟಿತು, ತಿರುಗಲಿಲ್ಲ. ಆರಿಸಿದ, ಮತ್ತೆ ಹಾಕಿದ. ತಿರುಗಲಿಲ್ಲ. ಕೋಪ ಬಂದು ಮತ್ತೂ ಹಾಕಿದ. ಕೊನೆಗೆ ಅದನ್ನು ಆರಿಸಿ ಬೆವರೊರೆಸಿಕೊಂಡಾಗ ಕೋಣೆ ಸದ್ದಿಲ್ಲದಂತಾಯಿತು. ಆಗ ಗೋಡೆಯಾಚೆ ಏನೋ ಕೂಗುತ್ತಿರುವುದು ಕೇಳಿಸಿತು. ಒಂದೇ ಸಮನೆ, ಬಿಟ್ಟು ಬಿಟ್ಟು, ಸಣ್ಣ ದನಿ. ಜೈತುನಬಿ ಓಡಿಬರುವ ಹೆಜ್ಜೆ ಸದ್ದಿಗಾಗಿ ಅವನು ಕಾದ. ಯಾವ ಸದ್ದೂ ಬರಲಿಲ್ಲ. ಅವಳು ಔಷಧಿ ತರಲು ಪೇಟೆಗೆ ಹೋಗಿದ್ದಳು.

ಮೌನೇಶ ಓಡಿದ. ಬಾಗಿಲು ಚಿಲಕವಿಲ್ಲದೆ ಬರಿದೇ ಮುಂದೆ ಮಾಡಿತ್ತು. ಮಕ್ತುಮಸಾಬ ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದು ಬಾಗಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಮಷಿನ್ನು ನಿಂತು ಕೂಗುತ್ತಿತ್ತು. ಮೌನೇಶನಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯಲಿಲ್ಲ. ಮುದುಕ ಮಂಚ ಬಿಟ್ಟು ಒಂದು ಬೆರಳು ಎತ್ತಿ ತೋರಿಸಿದ. ಮೌನೇಶ ಒತ್ತಿದ. ಕೂಗು ನಿಂತಿತು. ನಳಿಗೆಯಲ್ಲಿ ಗಾಳಿ ಆಡತೊಡಗಿತು.

ಮುದುಕನ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ಮೌನೇಶ ನೆಲದ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಮಕ್ತುಮಸಾಬನಿಗೆ ಮಾತು ಬಂತು.

“ನಿನ್ನ ಮೋಟಾರ್ ಹತ್ತಲಿಲ್ಲೇನು, ತಮ್ಮಾ?” ಎಂದ. “ಪ್ರತಿ ಸಲ ಅದರ ಸದ್ದು ಕೇಳಿದೆ. ಈ ಸಲ ಹತ್ತತೈತಿ ಅಂತ ಕಾದೆ.”

ಮೌನೇಶ ಜೈತುನಬಿ ಬರುವವರೆಗೆ ಅಲ್ಲೇ ಕೂತಿದ್ದು, ನಡೆದದ್ದನ್ನೆಲ್ಲ ಅವಳಿಗೆ ತಾನೇ ಹೇಳಿ ಎದ್ದುಹೋದ.

ಮರುದಿನ ಅವನು ಮೋಟಾರಿನ ಗಾಲಿಗೆ ಹಗ್ಗ ಸುತ್ತಿದ. ಮೈಯ ಬಲವೆಲ್ಲ ಹಾಕಿ ಎಳೆದ. ಗಾಲಿ ಜೋರಾಗಿ ತಿರುಗತೊಡಗಿದ ಮೇಲಷ್ಟೇ ಕರೆಂಟು ಕೊಟ್ಟ. ಮೋಟಾರು ಮೆತ್ತಗೆ ಹಿಡಿದುಕೊಂಡಿತು. ಓಣಿಯ ಬಲ್ಬುಗಳು ಒಮ್ಮೆ ಮಿಣುಕಿದವು, ಅಷ್ಟೆ. ಪಕ್ಕದ ಮನೆಯ ಮಷಿನ್ನು ನಿಲ್ಲಲಿಲ್ಲ. ಆದರೂ ಅವನಿಗೆ ಧೈರ್ಯ ಸಾಲಲಿಲ್ಲ. ಅಂದಿನಿಂದ ಹಗ್ಗ ಎಳೆಯುವ ಮೊದಲು ಗೋಡೆ ತಟ್ಟುತ್ತಿದ್ದ. ಜೈತುನಬಿ ಮಷಿನ್ನಿನ ಹತ್ತಿರ ಬಂದು ನಿಂತು, ತಿರುಗಿ ತಟ್ಟುತ್ತಿದ್ದಳು. ಕೆಲವೊಮ್ಮೆ ಅವಳಿಗೆ ತಡವಾಗುತ್ತಿತ್ತು. ಅವನು ಹಗ್ಗ ಹಿಡಿದು ನಿಂತಿರುತ್ತಿದ್ದ. ಬೆಂಚುಗಳು ಹೇಳಿದ ದಿನಕ್ಕೆ ಮುಗಿಯಲಿಲ್ಲ. ಶಾಲೆಯವರು ಬೇಸರಪಟ್ಟುಕೊಂಡರು. ಅವನು ಬೈಸಿಕೊಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚನ್ನವೀರ ಹೇಳಿದ: “ಅವನು ಮಾಡಿದ್ದು ಸರಿ, ಗುರುಗಳೇ. ಆದರೆ ನಾನು ಸುಮ್ಮನೆ ಕಣ್ಣು ಮುಚ್ಚಿ ಕೂರುವವನು. ಯಾರಿಂದಲೂ ಏನನ್ನೂ ಎಳೆದುಕೊಳ್ಳುತ್ತಿಲ್ಲವಲ್ಲ?”

ಗುರುಗಳು ಕೇಳಿದರು: “ನೀನು ಕಣ್ಣು ಮುಚ್ಚಿ ಕೂತ ಹೊತ್ತಿನಲ್ಲಿ, ದಾಸೋಹಕ್ಕೆ ನಿನ್ನ ಪಾಲಿನ ನೀರು ಹೊರುತ್ತಿರುವವರು ಯಾರು?”