ಯಾಸೆನಿನ್ ಊರಿನ ಅಪೊಲೆನಾ ಗೋಪುರ

ಝೆಕ್ ದೇಶದ ದಕ್ಷಿಣಕ್ಕೆ, ಮೊರಾವಿಯಾದ ದ್ರಾಕ್ಷಿ ದಿಬ್ಬಗಳ ನಡುವೆ ಯಾಸೆನಿನ್ ಎಂಬ ಸಣ್ಣ ಪಟ್ಟಣವಿದೆ. ಊರ ನಡುವಿನ ಚೌಕದ ಸುತ್ತ ಕಮಾನಿನ ಜಗಲಿಗಳು, ಅವುಗಳ ಮೇಲೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಹಳದಿ, ತಿಳಿಗುಲಾಬಿ ಬಣ್ಣದ ಹಳೆಯ ಮನೆಗಳು. ಮೂಲೆಯಲ್ಲಿ ಸುಣ್ಣ ಬಳಿದ ಎತ್ತರದ ಗೋಪುರ. ನಗರಸಭೆಯ ಕಾಗದಗಳಲ್ಲಿ ಅದು ಬರೀ ಬಿಳಿಗೋಪುರ. ಊರವರ ಬಾಯಲ್ಲಿ ಮಾತ್ರ ಅಪೊಲೆನಾ. ಹಲ್ಲುನೋವು ವಾಸಿಮಾಡುವ ಸಂತಳೊಬ್ಬಳಿಗೂ ಇದೇ ಹೆಸರು ಇರುವುದರಿಂದ, ಪ್ರವಾಸಿಗರಲ್ಲಿ ಕೆಲವರು ಬಾಗಿಲ ಬಳಿ ಮೋಂಬತ್ತಿ ಹಚ್ಚಿಟ್ಟು ದವಡೆ ಸವರಿಕೊಂಡು ಹೋಗುವುದುಂಟು. ಗೋಪುರದ ಬುಡದಲ್ಲಿರುವ ಮ್ಯೂಸಿಯಮ್ಮಿನಲ್ಲಿ ಟಿಕೆಟು ಹರಿದುಕೊಡುವ ಓಲ್ಡ್ರಿಖ್ ಎಂಬ ಮುದುಕ ಅಂಥವರನ್ನು ತಡೆಯುವುದಿಲ್ಲ. ಆ ಬತ್ತಿ ಉರಿದು ಮುಗಿಯುವ ತನಕ ಕಾದಿದ್ದು, "ಈ ಅಪೊಲೆನಾ ಸಂತಳಲ್ಲ, ಸ್ವಾಮಿ. ಇಲ್ಲಿ ಕಾವಲು ಕಾಯುತ್ತಿದ್ದವಳು" ಎಂದಷ್ಟೇ ಹೇಳುತ್ತಾನೆ. ಕೇಳುವ ವ್ಯವಧಾನ ಇದ್ದವರಿಗೆ ಮುಂದಿನದನ್ನೂ ಹೇಳುತ್ತಾನೆ.

ಹಿಂದೆ ಒಮ್ಮೆ, ದೇಶವನ್ನೆಲ್ಲ ಸುಟ್ಟ ದೊಡ್ಡ ಯುದ್ಧವೊಂದು ಮುಗಿದು ಹತ್ತು ಹದಿನೈದು ವರ್ಷಗಳಾಗಿದ್ದಾಗ, ಈ ಗೋಪುರದ ತುದಿಯ ಕೋಣೆಯಲ್ಲಿ ಪ್ರೊಕೊಪ್ ಎಂಬ ಕಾವಲುಗಾರ ಹೆಂಡತಿ ಅಪೊಲೆನಾಳೊಡನೆ ಇದ್ದನಂತೆ. ಕೋಣೆಯ ನಾಲ್ಕು ಗೋಡೆಗೆ ನಾಲ್ಕು ಕಿಟಕಿ. ಬೆಳಗಿನಿಂದ ಕತ್ತಲಾಗುವವರೆಗೆ ಕಾಲು ಗಂಟೆಗೊಮ್ಮೆ ಕಹಳೆಯನ್ನು ಚಿಕ್ಕದಾಗಿ ಊದಬೇಕು, ಕಾವಲು ಎಚ್ಚರವಾಗಿದೆ ಎಂದು ಊರಿಗೆ ತಿಳಿಯಲು. ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ ಪೂರ್ತಿ ಒಂದು ರಾಗ. ಬೆಂಕಿ ಕಂಡರೆ ಆ ದಿಕ್ಕಿನ ಕಿಟಕಿಯಿಂದ ಕೆಂಪು ಬಾವುಟ ಚಾಚಿ ತಡೆಯಿಲ್ಲದೆ ಊದಬೇಕು. ಬೇಕಾದ ಹಾಲು, ಬ್ರೆಡ್ಡು, ಸೌದೆಯೆಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೇರುತ್ತಿದ್ದವು. ಪ್ರೊಕೊಪ್ ಸೊಗಸಾಗಿ ಊದುತ್ತಿದ್ದ, ಆದರೆ ಅವನ ಮನಸ್ಸು ಆ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ದೊರೆಗಳ ಮುಂದೆ, ಸಾಲಾಗಿ ಕುಳಿತ ವಾದ್ಯಗಾರರ ನಡುವೆ ಊದಬೇಕೆಂಬ ಆಸೆ ಅವನದು. ಮದುವೆಯಾಗಿ ಒಂಬತ್ತನೆಯ ವರ್ಷದ ವಸಂತದಲ್ಲಿ ಕುದುರೆ ದಂಡೊಂದು ತನ್ನ ವಾದ್ಯಮೇಳದ ಸಮೇತ ಊರನ್ನು ಹಾದುಹೋಯಿತು. ಮರುದಿನ ಹನ್ನೊಂದೂ ಮುಕ್ಕಾಲರ ಊದು ಮುಗಿಸಿ ಪ್ರೊಕೊಪ್ ಕಹಳೆಯನ್ನು ಚೆನ್ನಾಗಿ ಒರೆಸಿ ಮೊಳೆಗೆ ನೇತುಹಾಕಿ, "ಮೇಣ ತರುತ್ತೇನೆ" ಎಂದು ಮೆಟ್ಟಿಲಿಳಿದ. ಅಪೊಲೆನಾ ಪಡುವಣ ಕಿಟಕಿಯಿಂದ ನೋಡುತ್ತಲೇ ಇದ್ದಳು. ಅವನು ಮೇಣದ ಅಂಗಡಿಯನ್ನು ದಾಟಿದ, ಊರಬಾಗಿಲನ್ನು ದಾಟಿದ, ದಂಡು ಹೋದ ದಾರಿಯಲ್ಲಿ ಚುಕ್ಕೆಯಾದ.

ಹನ್ನೆರಡಾಗಲು ಇನ್ನು ಸ್ವಲ್ಪವೇ ಹೊತ್ತಿತ್ತು. ಕಹಳೆ ಕೇಳದಿದ್ದರೆ ಕೆಳಗಿನ ಪಹರೆಯವರು ಮೇಲೆ ಬರುತ್ತಾರೆ; ಗಂಡ ಬಿಟ್ಟುಹೋದದ್ದು ಬಯಲಾಗುತ್ತದೆ; ಕೆಲಸ ಬೇರೊಬ್ಬನ ಪಾಲಾಗುತ್ತದೆ. ಅವಳ ಹುಟ್ಟೂರು ಯುದ್ಧದಲ್ಲಿ ಬೂದಿಯಾಗಿತ್ತು, ಹೋಗಲು ಜಾಗವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ದಿನಕ್ಕೋ ನಾಲ್ಕು ದಿನಕ್ಕೋ ಅವನಿಗೆ ಬುದ್ಧಿ ಬಂದು ಹಿಂತಿರುಗಿದಾಗ ಅವನ ಜಾಗ ಅವನಿಗಿರಬೇಕು ಎಂದುಕೊಂಡಳು. ಮೊಳೆಯಿಂದ ಕಹಳೆ ತೆಗೆದಳು. ಒಂಬತ್ತು ವರ್ಷ ಕಿವಿಯಲ್ಲಿದ್ದ ರಾಗ ತುಟಿಗೆ ಬರಲೊಲ್ಲದು. ಒಡೆದು, ಸೀಳಿ, ಹೇಗೋ ಮುಗಿಯಿತು. ಬುಟ್ಟಿಗೆ ಬ್ರೆಡ್ಡು ಹಾಕುವ ರೋಜ಼ಿನಾ ಎಂಬ ಹೆಂಗಸು ಕೆಳಗಿನಿಂದ, "ಏನಮ್ಮ, ನಿನ್ನ ಗಂಡನಿಗೆ ನೆಗಡಿಯೇ?" ಎಂದು ಕೂಗಿದಳು. ಅಪೊಲೆನಾ ಕಿಟಕಿಯಿಂದ ತಲೆ ಹೊರಹಾಕಿ ಹೌದೆಂದು ತಲೆಯಾಡಿಸಿದಳು.

ಆ ನೆಗಡಿ ಆರು ವರ್ಷ ನಡೆಯಿತು ಎನ್ನುತ್ತಾರೆ. ಮೊದಮೊದಲು ಎರಡು ಊದಿನ ನಡುವಿನ ಕಾಲು ಗಂಟೆಯಲ್ಲಿ ಅವಳು ಓಡಿ ಇಳಿದು ಓಡಿ ಹತ್ತುತ್ತಿದ್ದಳು. ನೂರ ಅರವತ್ತೆಂಟು ಮೆಟ್ಟಿಲು. ಕೆಳಗೆ ಯಾರಾದರೂ ಮಾತಿಗೆ ನಿಲ್ಲಿಸಿದರೆ ಅರ್ಧಕ್ಕೇ ಬಿಟ್ಟು ಓಡುತ್ತಿದ್ದಳು. ಕ್ರಮೇಣ ಇಳಿಯುವುದನ್ನೇ ಬಿಟ್ಟಳು. ಗಂಡನಿಗೆ ಎದೆಬೇನೆ, ಜನ ಬಂದರೆ ಆಗುವುದಿಲ್ಲ ಎಂದು ಹೇಳಿಕಳಿಸಿದಳು. ವರ್ಷಕ್ಕೊಮ್ಮೆ ತಪಾಸಣೆಗೆ ಬರಬೇಕಾದ ನಗರಸಭೆಯ ಹಿರಿಯರಿಗೂ ಮೆಟ್ಟಿಲು ಹತ್ತುವ ಉತ್ಸಾಹವಿರಲಿಲ್ಲ. ಕಹಳೆ ಕೇಳುತ್ತಿದೆಯಲ್ಲ, ಸಾಕು ಎಂದರು. ಊರಿನದೆಲ್ಲ ಅವಳಿಗೆ ಮೇಲಿನಿಂದಲೇ ಕಾಣುತ್ತಿತ್ತು. ಯಾರ ಅಂಗಳದಲ್ಲಿ ಹೊಸ ತೊಟ್ಟಿಲು, ಯಾರ ಮನೆಯ ಹೊಗೆಗೂಡು ತಣ್ಣಗಾಯಿತು, ಯಾವ ಹುಡುಗಿ ಬಾವಿಯ ಬಳಿ ಯಾರಿಗಾಗಿ ಕಾಯುತ್ತಾಳೆ, ಎಲ್ಲ ಗೊತ್ತು. ಅವರಿಗೆ ಇವಳದು ಏನೂ ಗೊತ್ತಿಲ್ಲ. ಕೆಲವು ದಿನ ತನ್ನ ದನಿ ಹೇಗಿದೆಯೆಂದು ಮರೆತೇಹೋದೀತೆಂಬ ಭಯಕ್ಕೆ ಒಲೆಯ ಮುಂದೆ ಕುಳಿತು ಬೀದಿಗಳ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ನಾಲ್ಕನೆಯ ವರ್ಷ ಒಂದು ಭಾನುವಾರ ರೋಜ಼ಿನಾ ಬ್ರೆಡ್ಡು ಹಾಕಿ, "ಪ್ರೊಕೊಪ್‌ಗೆ ಹೇಳು, ಈಗ ಮೊದಲಿಗಿಂತ ಚೆನ್ನಾಗಿ ಊದುತ್ತಾನಂತೆ. ಊರೆಲ್ಲ ಹೇಳುತ್ತಿದೆ" ಎಂದು ಕೂಗಿದಳು. ಅಪೊಲೆನಾ ಬುಟ್ಟಿ ಎಳೆದುಕೊಂಡು ಕಿಟಕಿ ಮುಚ್ಚಿದಳು. ಆ ದಿನ ಬ್ರೆಡ್ಡು ಮುರಿಯಲು ಅವಳಿಗೆ ಮನಸ್ಸಾಗಲಿಲ್ಲ.

ಆರನೆಯ ವರ್ಷದ ಬೇಸಿಗೆ. ಮಳೆಯಿಲ್ಲದೆ ಹೆಂಚೆಲ್ಲ ಕಾದಿದ್ದವು. ಗಂಡಸರಲ್ಲಿ ಅರ್ಧಕ್ಕರ್ಧ ಕೊಯ್ಲಿಗೆ ಹೋಗಿದ್ದರು. ಇಳಿಹೊತ್ತಿನಲ್ಲಿ ಕುಂಬಾರರ ಓಣಿಯಿಂದ ಹೊಗೆ ಎದ್ದಿತು. ಅವಳು ಬಾವುಟ ಚಾಚಿ ಊದಿದಳು. ಜನ ಕೊಡ, ಕೊಕ್ಕೆ ಹಿಡಿದು ಓಡಿಬಂದರು. ಆದರೆ ಗಾಳಿ ಹೊಗೆಯನ್ನೆಲ್ಲ ಪಕ್ಕದ ನೇಕಾರರ ಓಣಿಗೆ ಕವಿಸಿತ್ತು. ಎರಡೂ ಓಣಿ ಒಂದೇ ದಿಕ್ಕಿನವು, ಬಾವುಟ ಬೇರ್ಪಡಿಸಿ ತೋರಿಸಲಾರದು. ಗುಂಪು ನೇಕಾರರ ಓಣಿಗೆ ನುಗ್ಗಿತು. ಇತ್ತ ಕುಂಬಾರರ ಓಣಿಯ ಕೊನೆಯ ಮನೆಯ ಅಟ್ಟದಲ್ಲಿ ಮೂರು ಮಕ್ಕಳು ಮಲಗಿದ್ದುದನ್ನು ಬೆಳಗಿನಿಂದ ಆ ಅಂಗಳ ನೋಡಿದ್ದ ಅಪೊಲೆನಾ ಒಬ್ಬಳೇ ಬಲ್ಲವಳು. ಗೋಡೆಯ ಮೇಲೆ ಕೂಗುಗೊಳವೆ ಇತ್ತು, ತಗಡಿನದು. ಅದಕ್ಕೆ ಬಾಯಿಟ್ಟರೆ ಹೆಣ್ಣುದನಿ ಊರಿಗೆಲ್ಲ ಕೇಳುತ್ತದೆ, ಪ್ರೊಕೊಪ್ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ, ಅವನ ಜಾಗ ಅಲ್ಲಿಗೆ ಮುಗಿಯುತ್ತದೆ, ಅವನಿಗಾಗಿ ಕಾಯುವುದಕ್ಕೂ ಇನ್ನು ನೆಪವಿರುವುದಿಲ್ಲ. ಅವಳು ಕೊಳವೆಯನ್ನು ಗೋಡೆಯಿಂದ ಇಳಿಸಿ ಕಿಟಕಿಗೆ ಒಯ್ದಳು. ಆಮೇಲೆ ಕೂಗಿದಳು.

"ಅಲ್ಲಲ್ಲ, ಕುಂಬಾರರ ಓಣಿ. ಎಡಕ್ಕೆ ತಿರುಗಿ. ಕೊನೆಯ ಮನೆ, ಅಟ್ಟದಲ್ಲಿ ಮಕ್ಕಳಿದ್ದಾರೆ."

ಜನ ತಲೆಯೆತ್ತಿ ಮೇಲೆ ನೋಡಿದರು, ಮತ್ತೆ ಎಡಕ್ಕೆ ಓಡಿದರು. ನಾಲ್ಕು ಮನೆ ಸುಟ್ಟವು. ಮಕ್ಕಳು ಮೂವರೂ ಕಂಬಳಿ ಸುತ್ತಿಕೊಂಡು ಹೊರಬಂದರು.

ಮರುದಿನ ಬೆಳಿಗ್ಗೆ ನಗರಸಭೆಯ ಹಿರಿಯ ವಾವ್ರಿನೆಟ್ಸ್ ಏದುಸಿರು ಬಿಡುತ್ತ ಮೇಲೆ ಬಂದ. ಕೋಣೆಯಲ್ಲಿ ಒಂದೇ ತಟ್ಟೆ, ಒಂದೇ ಬಟ್ಟಲು ಇದ್ದುದನ್ನು ಕಂಡ.

"ಪ್ರೊಕೊಪ್ ಎಲ್ಲಿ?"

"ಹೋದರು. ಆರು ವರ್ಷವಾಯಿತು."

"ಹಾಗಾದರೆ ಇಷ್ಟು ದಿನ ಊದಿದ್ದು?"

"ನಾನೇ."

ಅವನು ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅಲ್ಲಿಂದಲೇ ಕೇಳಿದ: "ಹೋದ ಚಳಿಗಾಲ ನನ್ನ ಹೆಂಡತಿಯನ್ನು ಮಣ್ಣು ಮಾಡಿದೆವು. ಆ ಮಧ್ಯಾಹ್ನವೂ ನೀನೇ ಊದಿದೆಯಾ?"

"ಹೌದು. ನೀವು ಹಿಮದಲ್ಲಿ ಪೆಟ್ಟಿಗೆಯ ಹಿಂದೆ ಹೋಗುತ್ತಿದ್ದುದು ಕಾಣಿಸಿತು. ಅದಕ್ಕೇ ನಿಧಾನವಾಗಿ ಊದಿದೆ."

"ಕೇಳಿಸಿತ್ತು" ಎಂದ ವಾವ್ರಿನೆಟ್ಸ್.

ಹೆಂಗಸು ಕಾವಲಿಗಿರಬಾರದೆಂಬ ನಿಯಮವಿತ್ತು. ಅದನ್ನು ತಿದ್ದುವ ಗೋಜಿಗೆ ಹೋಗದೆ ವಾವ್ರಿನೆಟ್ಸ್ ಕಾವಲಿನ ದಫ್ತರದಲ್ಲಿ ಪ್ರೊಕೊಪ್ ಎಂಬುದನ್ನು ಹೊಡೆದುಹಾಕಿ ಅಪೊಲೆನಾ ಎಂದು ಬರೆದ. ಊರವರು ಅವಳನ್ನು ಕೆಳಗೆ ಕರೆದು ಊಟಕ್ಕೆ ಕೂರಿಸಿದರು, ಇರಲು ಮನೆ ಕೊಡುತ್ತೇವೆಂದರು. ಅವಳು ಒಂದು ವಾರ ಪ್ರಯತ್ನಿಸಿದಳು. ಆದರೆ ಎದುರು ಕುಳಿತವರೊಡನೆ ಏನು ಮಾತಾಡಬೇಕೋ ತಿಳಿಯದು. ಅವರ ಮನೆಯ ಸುದ್ದಿಯನ್ನು ಅವರಿಗಿಂತ ಮೊದಲೇ ಹೇಳಿಬಿಡುತ್ತಿದ್ದಳು, ಅವರು ಮುಜುಗರಪಡುತ್ತಿದ್ದರು. ಎಂಟನೆಯ ದಿನ ತಾನಾಗಿ ಮೆಟ್ಟಿಲೇರಿ ಹೋದಳು. ಅಂದಿನಿಂದ ಊರಲ್ಲಿ ಯಾರೂ ಕಹಳೆ ಆಯಿತೇ ಎಂದು ಕೇಳುತ್ತಿರಲಿಲ್ಲ. "ಅಪೊಲೆನಾ ಆಯಿತೇ?" ಎಂದು ಕೇಳಿ ಊಟಕ್ಕೆ ಏಳುತ್ತಿದ್ದರು. ಹೀಗೆ ಕೇಳಿ ಕೇಳಿ ಗೋಪುರಕ್ಕೇ ಆ ಹೆಸರು ನಿಂತಿತು.

ಪ್ರೊಕೊಪ್ ಬಂದನೇ ಎಂದು ಎಲ್ಲರೂ ಓಲ್ಡ್ರಿಖ್‌ನನ್ನು ಕೇಳುತ್ತಾರೆ. ಬಂದ ಎನ್ನುತ್ತಾನೆ. ಇನ್ನೂ ಐದು ವರ್ಷ ಕಳೆದ ಮೇಲೆ, ಶರತ್ಕಾಲದ ಒಂದು ಮಧ್ಯಾಹ್ನ, ನರೆತ ಗಡ್ಡದವನೊಬ್ಬ ಚೌಕದ ನಡುವೆ ನಿಂತು ರಾಗ ಮುಗಿಯುವ ತನಕ ಕೇಳಿದ. ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ. ಕಹಳೆ ಊದುವ ಬಾಯಿ ಅದಲ್ಲ ಎಂದು ಯಾರಿಗೂ ತಿಳಿಯುವಂತಿತ್ತು. "ಯಾರು ಊದುವುದು?" ಎಂದು ರೋಜ಼ಿನಾಳನ್ನು ಕೇಳಿದ. "ಅಪೊಲೆನಾ. ನಮ್ಮ ಕಾವಲಿನವಳು" ಎಂದಳು ಅವಳು. ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೊರಟ. ರೋಜ಼ಿನಾಗೆ ಗುರುತು ಹತ್ತಿದ್ದು ಅವನು ಊರಬಾಗಿಲು ದಾಟಿದ ಮೇಲೆ. ಅವಳು ಗೋಪುರದ ಕಡೆಗೆ ಕೂಗಿ ಹೇಳಿದಳು.

ಅಪೊಲೆನಾ ಪಡುವಣ ಕಿಟಕಿಗೆ ಓಡಿದಳು. ದಾರಿಯ ಮೇಲೆ ಅವನಿದ್ದ, ಇನ್ನೂ ಚುಕ್ಕೆಯಾಗಿರಲಿಲ್ಲ. ಹೆಸರು ಹಿಡಿದು ಕೂಗಬಹುದಿತ್ತು, ಕೂಗುಗೊಳವೆ ಕೈಗೆಟುಕುವಲ್ಲೇ ಇತ್ತು. ಅವಳು ಕಹಳೆ ಎತ್ತಿಕೊಂಡಳು. ಕಾವಲು ಎಚ್ಚರವಾಗಿದೆ ಎನ್ನುವ ಆ ಚಿಕ್ಕ ಊದನ್ನು, ಹೊತ್ತಲ್ಲದ ಹೊತ್ತಿನಲ್ಲಿ, ಒಮ್ಮೆ ಊದಿದಳು. ಅವನು ನಿಂತ. ಬಹಳ ಹೊತ್ತು ಬೆನ್ನು ಹಾಕಿಯೇ ನಿಂತಿದ್ದ. ಆಮೇಲೆ ನಡೆದ. ಅವಳು ಅವನು ಕಾಣದಾಗುವ ತನಕ ನೋಡಿ, ಮುಂದಿನ ಕಾಲು ಗಂಟೆಗೆ ಸರಿಯಾಗಿ ಊದಿದಳು.

ಈಗ ಅಲ್ಲಿ ಕಾವಲಿಲ್ಲ. ತುದಿಯ ಕೋಣೆಯಲ್ಲಿ ಹಸಿರು ಬಿಲ್ಲೆಗಳ ಒಲೆಯೊಂದಿದೆ, ದಾರ ಕಟ್ಟಿದ ಕುರ್ಚಿಯಿದೆ, ಯಾರೂ ಕೂರಬಾರದೆಂಬ ಚೀಟಿಯಿದೆ. ಸಂಗೀತಶಾಲೆಯ ಉಪಾಧ್ಯಾಯಿನಿಯೊಬ್ಬರು ದಿನಾ ಹನ್ನೆರಡಕ್ಕೆ ಬಂದು ಚೌಕದ ಕಡೆಗೆ ಮುಖಮಾಡಿ ಹಳೆಯ ರಾಗ ಊದುತ್ತಾರೆ. ಕೆಳಗೆ ಪ್ರವಾಸಿಗರು ಚಪ್ಪಾಳೆ ತಟ್ಟಿ, ಕ್ಯಾಮರಾ ಒಳಗಿಟ್ಟು ಚದುರತೊಡಗುತ್ತಾರೆ. ಊರವರು ಮಾತ್ರ ಕೈಚೀಲ ಹಿಡಿದು ಇದ್ದಲ್ಲೇ ನಿಂತಿರುತ್ತಾರೆ. ಮೇಲೆ ಆ ಉಪಾಧ್ಯಾಯಿನಿ ಕೋಣೆಯನ್ನು ದಾಟಿ ಪಡುವಣ ಕಿಟಕಿಗೆ ಹೋಗುವಷ್ಟು ಹೊತ್ತು ಬೇಕು. ಅಲ್ಲಿಂದ ಚಿಕ್ಕದಾಗಿ ಇನ್ನೊಂದು ಊದು ಕೇಳಿಬರುತ್ತದೆ, ಯಾರೂ ಇಲ್ಲದ ದಾರಿಯ ಕಡೆಗೆ. ಅದು ಮುಗಿದ ಮೇಲೆ ಅವರೂ ಹೊರಡುತ್ತಾರೆ.