ಗುಂಡಿ ತೆಗೆದ ಕತೆ

ನಮ್ಮೂರ ಸಂಜೆ ಪತ್ರಿಕೆಯ ಓದುಗರಿಗೆಲ್ಲ ವಯಸ್ಸಾಗುತ್ತಾ ಬಂತು. ಕಾಲೇಜು ಮಕ್ಕಳೂ ಸುದ್ದಿ ಚರ್ಚಿಸಲಿ ಎಂದು ಮಾಲೀಕರೂ ಸಂಪಾದಕರೂ ಆದ ಚನ್ನವೀರಪ್ಪನವರು ಆನ್‌ಲೈನ್ ಪುಟವೊಂದನ್ನು ಮಾಡಿಸಿದರು. ಮಾಡಿದವಳು ಡಿಟಿಪಿ ಕೆಲಸದ ಅನಸೂಯ. ಪ್ರತಿ ಬರಹದ ಕೆಳಗೂ ಎರಡು ಗುಂಡಿ ಇಟ್ಟಿದ್ದಳು. ಒಂದು 'ಒಪ್ಪುತ್ತೇನೆ', ಇನ್ನೊಂದು 'ಒಪ್ಪುವುದಿಲ್ಲ'.

ಸಾಹೇಬರು ಎರಡನೆಯದರ ಮೇಲೆ ಬೆರಳಿಟ್ಟರು. "ಇದೇನಮ್ಮ? ನಾನು ಬರೆದದ್ದನ್ನ ಒಪ್ಪಲ್ಲ ಅನ್ನೋಕೆ ಇವರ್ಯಾರು? ಈ ಗುಂಡಿ ತೆಗಿ."

"ಚರ್ಚೆ ಅಂದಮೇಲೆ ಅದೂ ಇರಬೇಕಲ್ಲ ಸಾರ್."

"ತೆಗಿ ಅಂದೆ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅನಸೂಯ ತೆಗೆದಳು. ಆಮೇಲೆ ವಿದ್ಯಾರ್ಥಿಗಳು ಕಳಿಸಿದ್ದ ಬರಹಗಳನ್ನೆಲ್ಲ ಹುಡುಕಿ, ಒಂದನ್ನು ಆರಿಸಿ, ಪುಟದ ತಲೆಗೇ ಹಾಕಿದಳು. ಬಿ.ಕಾಂ. ಓದುವ ಹುಡುಗಿಯೊಬ್ಬಳು ಬರೆದಿದ್ದಳು: "ಈ ಪತ್ರಿಕೆಯ ಸಂಪಾದಕೀಯ ಓದಿದರೆ ನಿದ್ದೆ ಬರುತ್ತದೆ."

ಮಧ್ಯಾಹ್ನದೊಳಗೆ ನಾನೂರು ಜನ ಒಪ್ಪಿದರು. ಒಪ್ಪದವರು ಒಬ್ಬರೂ ಇರಲಿಲ್ಲ.

ಸಾಹೇಬರು ಕನ್ನಡಕ ಏರಿಸಿಕೊಂಡು ಪುಟವನ್ನು ಮೇಲಿಂದ ಕೆಳಗೆ ಜಾಲಾಡಿದರು. "ನಾನು ಒಪ್ಪಲ್ಲ. ಎಲ್ಲಿ ಒತ್ತೋದು?"

"ಗುಂಡಿ ತೆಗಿ ಅಂದ್ರಿ, ತೆಗೆದೆ ಸಾರ್. ಅದರಲ್ಲಿ ತಾವೇ ಬೀಳ್ತೀರಿ ಅಂತ ನಂಗೇನು ಗೊತ್ತು?"

ಸಾಹೇಬರ ಮುಖ ಮೊದಲು ಕೆಂಪಾಯಿತು. ಆಮೇಲೆ ಮೀಸೆಯಡಿ ನಗು ಬಂತು. ಗುಂಡಿ ವಾಪಸ್ ಬಂತು, ಮೊದಲು ಒತ್ತಿದವರು ಅವರೇ. ಆ ಹುಡುಗಿಗೆ ಉತ್ತರವನ್ನೂ ಬರೆದರು. ಎರಡೇ ಸಾಲು, ನಿದ್ದೆ ಬರುವ ಮೊದಲೇ ಮುಗಿಯುವಂಥದು.